ಅಣ್ಣನ ವಿಂಡೋಸ್‌ಗೆ ಕೈಹಚ್ಚದೆ ಹೊರಗಿನ ಡಿಸ್ಕ್‌ನಲ್ಲಿ ಲಿನಕ್ಸ್

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿನಿ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್; ಅದರ ವಿಂಡೋಸ್ 11ರಲ್ಲಿ ಅಣ್ಣನ ಸೀರೆ ಅಂಗಡಿಯ ಲೆಕ್ಕಪತ್ರಗಳಿವೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ನಡೆಸಿ ನೋಡಿದೆ, ಆದರೆ ಲ್ಯಾಪ್‌ಟಾಪ್ ಬಂದ್ ಮಾಡಿದೊಡನೆ ಉಳಿಸಿದ ಫೈಲ್‌ಗಳೆಲ್ಲ ಹೋದವು. ವಿಂಡೋಸ್‌ಗೆ ಧಕ್ಕೆಯಾಗದಂತೆ ಹೊರಗಿನ ಡಿಸ್ಕ್‌ನಲ್ಲಿ ಲಿನಕ್ಸ್ ಹಾಕಿಕೊಳ್ಳಬಹುದೆ?
– ಓದುಗರೊಬ್ಬರು, ಇಳಕಲ್

ಉತ್ತರ: ಖಂಡಿತ ಹಾಕಿಕೊಳ್ಳಬಹುದು. ನೀವು ಪೆನ್‌ಡ್ರೈವ್‌ನಿಂದ ನಡೆಸಿದ್ದು ‘ಲೈವ್’ ವ್ಯವಸ್ಥೆ. ಅದರಲ್ಲಿ ಇಡೀ ಲಿನಕ್ಸ್ ಓದಲು ಮಾತ್ರ ಬರುವ, ಕುಗ್ಗಿಸಿದ ಒಂದು ಕಡತವಾಗಿರುತ್ತದೆ. ನೀವು ಮಾಡಿದ ಬದಲಾವಣೆಗಳು ರ‍್ಯಾಮ್‌ನಲ್ಲಷ್ಟೇ ಇದ್ದು, ವಿದ್ಯುತ್ ನಿಂತೊಡನೆ ಅಳಿಯುತ್ತವೆ. ಆದ್ದರಿಂದ ಆ ಪೆನ್‌ಡ್ರೈವ್‌ನಿಂದ ಲೈವ್ ತೆರೆದು, ಅಲ್ಲಿರುವ ಇನ್‌ಸ್ಟಾಲರ್ ಮೂಲಕ ಇನ್ನೊಂದು ಡಿಸ್ಕ್‌ಗೆ ಪೂರ್ಣವಾಗಿ ಇನ್‌ಸ್ಟಾಲ್ ಮಾಡಬೇಕು. ಆ ಡಿಸ್ಕ್ ಯುಎಸ್‌ಬಿ 3.0 ಪೋರ್ಟ್‌ಗೆ ಹಚ್ಚುವ 256 ಜಿಬಿಯ ಎಸ್‌ಎಸ್‌ಡಿ ಆಗಿದ್ದರೆ ಸಾಕು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿಯೂ ಕೆಲಸ ನಡೆಯುತ್ತದೆ, ಆದರೆ ನಿಮ್ಮ ಸಹನೆ ಸೋಲುತ್ತದೆ. ಯಾವುದೇ ಆಗಲಿ, ಅದರಲ್ಲಿ ಈಗಿರುವ ಫೋಟೊ, ಕಡತಗಳು ಅಳಿದುಹೋಗುತ್ತವೆ.

ನಿಜವಾದ ಅಪಾಯವಿರುವುದು, ಯಂತ್ರ ಚಾಲೂ ಆದೊಡನೆ ಲಿನಕ್ಸ್ ಅನ್ನು ಎಬ್ಬಿಸುವ ಬೂಟ್‌ಲೋಡರ್ ಎಲ್ಲಿ ಕೂರುತ್ತದೆ ಎಂಬಲ್ಲಿ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು ನಿಮ್ಮ ಊರಿನವರಿಗೆ ಹೊಸತಲ್ಲ. ಯಂತ್ರಕ್ಕೂ ಲಿನಕ್ಸ್‌ಗೂ ನಡುವಿನ ಅಂಥ ಕೊಂಡಿ ಈ ಬೂಟ್‌ಲೋಡರ್. ಅದು ‘ಇಎಫ್‌ಐ’ ಎಂಬ ಸಣ್ಣ ಪಾರ್ಟಿಷನ್ (ಡಿಸ್ಕ್‌ನ ಒಂದು ವಿಭಾಗ)‌ನಲ್ಲಿರುತ್ತದೆ. ಮಿಂಟ್ ಕೂಡ ಸೇರಿರುವ ಉಬುಂಟು ಬಳಗ ಬಹುಕಾಲ ಬಳಸುತ್ತ ಬಂದ ಯುಬಿಕ್ವಿಟಿ ಎಂಬ ಇನ್‌ಸ್ಟಾಲರ್‌ಗೆ ಒಂದು ಹಳೆಯ ದೋಷವಿದೆ: ಬೂಟ್‌ಲೋಡರ್‌ಗಾಗಿ ನೀವು ಹೊರಗಿನ ಡಿಸ್ಕ್ ಆರಿಸಿದರೂ, ಅದು ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲಿಯೇ ತನ್ನ ಫೈಲ್‌ಗಳನ್ನು ಇರಿಸಿಬಿಡಬಹುದು. ಆಗ ನೀವು ಎಸ್‌ಎಸ್‌ಡಿ ಕಿತ್ತುಕೊಂಡು ಕಾಲೇಜಿಗೆ ಹೋದ ದಿನ, ಅಂಗಡಿಯಲ್ಲಿ ಅಣ್ಣನವರು ಲ್ಯಾಪ್‌ಟಾಪ್ ತೆರೆದರೆ ವಿಂಡೋಸ್ ಬದಲು ಕಪ್ಪು ಪರದೆಯ ಮೇಲೆ ಲಿನಕ್ಸ್ ಬೂಟ್‌ಲೋಡರ್ ಆದ ಗ್ರಬ್‌ನ ಹೆಸರಷ್ಟೇ ಕಾಣಬಹುದು. ವಿಂಡೋಸ್ ಅಳಿದಿರುವುದಿಲ್ಲ, ದಾರಿ ಮಾತ್ರ ತಪ್ಪಿರುತ್ತದೆ. ಆದರೆ ಗಿರಾಕಿ ಎದುರು ನಿಂತಿರುವಾಗ ಈ ಸಮಾಧಾನ ಯಾರಿಗೂ ಬೇಕಿಲ್ಲ.

ಇದನ್ನು ತಪ್ಪಿಸುವ ಅತ್ಯಂತ ಖಚಿತ ವಿಧಾನವೆಂದರೆ, ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲಿ ಒಳಗಿನ ಡಿಸ್ಕ್ ಕಾಣದಂತೆ ಮಾಡುವುದು. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ; ಇಲ್ಲದಿದ್ದರೆ ರಿಪೇರಿ ಅಂಗಡಿಯವರಿಂದ ತಾತ್ಕಾಲಿಕವಾಗಿ ತೆಗೆಸಬಹುದು. ಎರಡೂ ಆಗದಿದ್ದರೆ, ಲೈವ್‌ನಲ್ಲಿ ಪಾರ್ಟಿಷನ್‌ಗಳನ್ನು ತಿದ್ದುವ ಜಿಪಾರ್ಟೆಡ್ ತಂತ್ರಾಂಶ ತೆರೆದು ಒಳಗಿನ ಇಎಫ್‌ಐ ಪಾರ್ಟಿಷನ್‌ನ ‘ಬೂಟ್’, ‘ಇಎಸ್‌ಪಿ’ ಗುರುತುಗಳನ್ನು ತೆಗೆದು, ಕೆಲಸ ಮುಗಿದ ಮೇಲೆ ಮರೆಯದೆ ಮತ್ತೆ ಹಾಕಬೇಕು. ಹೊರಗಿನ ಡಿಸ್ಕ್‌ನಲ್ಲಿ 512 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್ ಮಾಡಿ, ಉಳಿದುದನ್ನು ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಎಕ್ಸ್ಟ್4ಗೆ ಬಿಡಿ. ಡಿಸ್ಕ್ ಆರಿಸುವಾಗ ಹೆಸರನ್ನು ನಂಬದೆ ಗಾತ್ರವನ್ನು ಓದಿ.

ಇವೆಲ್ಲಕ್ಕೂ ಮೊದಲು ಅಣ್ಣನವರ ಲೆಕ್ಕಗಳ ಒಂದು ಪ್ರತಿ ಬೇರೆಡೆ ಇರಲಿ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಚಾಲೂ ಇರುತ್ತದೆ. ಬೂಟ್ ವ್ಯವಸ್ಥೆ ಬದಲಾದುದನ್ನು ಕಂಡರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಕ್ಕರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕೀ ಕೈಗೆ ಸಿಗದಿದ್ದರೆ ಮುಂದುವರಿಯಲೇಬೇಡಿ.

ಮುಂದೆ ಲಿನಕ್ಸ್ ಬೇಕೆನಿಸಿದಾಗ ಎಸ್‌ಎಸ್‌ಡಿ ಹಚ್ಚಿ, ಯಂತ್ರ ಚಾಲೂ ಆಗುವಾಗ ಬೂಟ್ ಮೆನು ತೆರೆದು ಅದನ್ನು ಆರಿಸಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿ.

ಇನ್ನೊಂದು ಸಣ್ಣ ಕಿರಿಕಿರಿ ಉಳಿಯುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಹೊಂದಿಸುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ; ಹೀಗಾಗಿ ಬೆಳಿಗ್ಗೆ 10 ಗಂಟೆಗೆ ಅಣ್ಣನವರ ಪರದೆಯಲ್ಲಿ 4:30 ಕಂಡು, ಬಿಲ್ಲಿನ ವೇಳೆ ತಪ್ಪೀತು. ಟೈಮ್‌ಡೇಟ್‌ಸಿಟಿಎಲ್ ಆದೇಶದ ಮೂಲಕ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯದಲ್ಲಿಯೇ ಇಡುವಂತೆ ಲಿನಕ್ಸ್‌ಗೆ ಒಮ್ಮೆ ಹೇಳಿದರೆ ಈ ಐದೂವರೆ ಗಂಟೆಯ ವ್ಯತ್ಯಾಸ ನಿಲ್ಲುತ್ತದೆ.