ಸಿಎಂಎಂಐ ಆಡಿಟ್‌ಗೆ ಹಳೆ ತಾರೀಖು ಹಾಕಿ ದಾಖಲೆ ಬರೆಯಬೇಕಾ?

ನೀವು ಕೇಳಿರುವುದು ಎರಡು ವಿಷಯ. ನಿಮ್ಮ ಕಂಪನಿ ಸಿಎಂಎಂಐ ಲೆವೆಲ್ 3ಕ್ಕೆ ತಯಾರಾಗುತ್ತಿದೆ. (ಸಿಎಂಎಂಐ ಎಂದರೆ ಕಂಪನಿಯ ಕೆಲಸದ ಪದ್ಧತಿ ಎಷ್ಟು ಪಕ್ವವಾಗಿದೆ ಎಂದು ಐದು ಮೆಟ್ಟಿಲಲ್ಲಿ ಅಳೆಯುವ ಮಾದರಿ.) ಆರು ತಿಂಗಳಿಂದ ಬರೆಯದೇ ಬಿಟ್ಟ ಕೋಡ್ ರಿವ್ಯೂ (ಒಬ್ಬರ ಕೋಡನ್ನು ಇನ್ನೊಬ್ಬರು ನೋಡಿ ತಪ್ಪು ಹುಡುಕುವುದು) ದಾಖಲೆಗಳನ್ನು ಈಗ ಹಳೆ ತಾರೀಖು ಹಾಕಿ ಬರೆದುಕೊಡಿ ಎಂದು ಮ್ಯಾನೇಜರ್ ಹೇಳಿದ್ದಾರೆ, ಬರೆಯಬೇಕಾ? ಇನ್ನೊಂದು, ಈ ಲೆವೆಲ್‌ಗಳಿಂದ ಕೋಡ್ ಬರೆಯುವವರಿಗೆ ಏನಾದರೂ ಉಪಯೋಗ ಇದೆಯಾ?

ಮೊದಲನೆಯದಕ್ಕೆ ಉತ್ತರ: ಬರೆಯಬೇಡಿ. ಎರಡನೆಯದಕ್ಕೆ: ಇದೆ, ಚೆನ್ನಾಗಿಯೇ ಇದೆ. ಆದರೆ ಹಳೆ ತಾರೀಖು ಹಾಕಿ ಬರೆದ ದಿನವೇ ಆ ಉಪಯೋಗ ಕೈ ತಪ್ಪಿ ಹೋಗುತ್ತದೆ. ನಾನು ಬೆಂಗಳೂರಿನಲ್ಲಿ ಮೊದಲು ಕೋಡ್ ಬರೆಯುತ್ತಿದ್ದೆ, ಆಮೇಲೆ ಹನ್ನೆರಡು ವರ್ಷ ಕ್ವಾಲಿಟಿ ಟೀಮ್‌ನಲ್ಲಿದ್ದೆ. ನಿಮ್ಮ ಜಾಗದಲ್ಲೂ ಕೂತಿದ್ದೇನೆ, ನಿಮ್ಮಿಂದ ದಾಖಲೆ ಕೇಳುವವರ ಜಾಗದಲ್ಲೂ ಕೂತಿದ್ದೇನೆ.

ಒಂದು ಕಂಪನಿಯಲ್ಲಿ ನಾವೂ ಇದನ್ನೇ ಮಾಡಿದೆವು. ಅಪ್ರೈಸಲ್‌ಗೆ, ಅಂದರೆ ಲೆವೆಲ್ ಕೊಡಲು ನಡೆಸುವ ಪರೀಕ್ಷೆಗೆ (ಆಡಿಟ್ ಎಂದು ಜನ ಕರೆಯುವುದು ಇದನ್ನೇ), ಎರಡು ವಾರ ಇತ್ತು. ಕಾನ್ಫರೆನ್ಸ್ ರೂಮಿಗೇ ಊಟ ತರಿಸಿಕೊಂಡು ರಾತ್ರಿ ಹತ್ತರವರೆಗೆ ಮೀಟಿಂಗ್ ಮಿನಿಟ್ಸ್, ರಿವ್ಯೂ ಶೀಟ್ ತುಂಬಿಸಿದೆವು. ಟೀಮ್‌ನಲ್ಲಿ ಈಗ ಯಾರಿದ್ದಾರೋ ಅವರ ಹೆಸರನ್ನೆಲ್ಲ ಹಾಕಿಬಿಟ್ಟೆವು. ಇಂಟರ್‌ವ್ಯೂ ದಿನ ಅಪ್ರೈಸರ್ ಒಬ್ಬ ಟೆಸ್ಟಿಂಗ್ ಹುಡುಗಿಯನ್ನು, "ಇಲ್ಲಿಗೆ ಯಾವಾಗ ಸೇರಿದಿರಿ?" ಎಂದು ಸಹಜವಾಗಿ ಕೇಳಿದರು. ಜುಲೈನಲ್ಲಿ ಎಂದಳು. ಅವರ ಮುಂದಿದ್ದ ಮಿನಿಟ್ಸ್ ಮೇ ತಿಂಗಳದ್ದು. ಅದರಲ್ಲಿ ಅವಳ ಹೆಸರಿತ್ತು, ಅವಳು ಎತ್ತಿದ ಎರಡು ಪಾಯಿಂಟ್ ಕೂಡ ಇತ್ತು. ಅವರು ಜಾಸ್ತಿ ಏನೂ ಕೇಳಲಿಲ್ಲ, ಬರೆದುಕೊಂಡರು ಅಷ್ಟೇ. ಅವಳು ಹೊರಗೆ ಬಂದು ನನ್ನ ಹತ್ತಿರ, "ಸರ್, ನಾನೇನು ತಪ್ಪು ಹೇಳಿದೆ?" ಅಂದಳು. ಅವಳು ಏನೂ ತಪ್ಪು ಹೇಳಿರಲಿಲ್ಲ. ತಪ್ಪು ಮಾಡಿದವರು ನಾವು, ಸಿಕ್ಕಿಬಿದ್ದದ್ದು ಅವಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇದೆಲ್ಲ ಶುರುವಾದದ್ದು ಯಾಕೆ ಎಂದು ಗೊತ್ತಿದ್ದರೆ ದಾಖಲೆಯ ಬೆಲೆಯೂ ಗೊತ್ತಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕೊಟ್ಟ ಸಾಫ್ಟ್‌ವೇರ್ ಕೆಲಸಗಳು ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ, ಖರ್ಚೂ ಕೈ ಮೀರುತ್ತಿತ್ತು. ಕೆಲಸ ಕೊಡುವ ಮೊದಲೇ, ಈ ಕಂಪನಿ ಇದನ್ನು ನಿಭಾಯಿಸುತ್ತದಾ ಎಂದು ತಿಳಿಯುವ ದಾರಿ ಬೇಕಿತ್ತು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಐಬಿಎಂನಲ್ಲಿ ಬಹಳ ವರ್ಷ ದುಡಿದಿದ್ದ ವಾಟ್ಸ್ ಹಂಫ್ರಿ 1986ರಲ್ಲಿ ಅಲ್ಲಿಗೆ ಬಂದರು. ಐದು ಮೆಟ್ಟಿಲಿನ ಈ ಕಲ್ಪನೆ ಅವರ ಕೆಲಸದಿಂದ ಬೆಳೆದದ್ದು. 1991ರಲ್ಲಿ ಸಿಎಂಎಂ ಬಂತು. ಅದೇ ಬೆಳೆದು ಸಿಎಂಎಂಐ ಆಗಿ 2000ದ ಹೊತ್ತಿಗೆ ಬಂತು.

ಆಗ ಎಲ್ಲರೂ ಬೆರಳು ಮಾಡಿ ತೋರಿಸುತ್ತಿದ್ದದ್ದು ನಾಸಾದ ಸ್ಪೇಸ್ ಶಟಲ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಹ್ಯೂಸ್ಟನ್ನಿನ ತಂಡವನ್ನು. ಒಂದು ಬಗ್ ಸಿಕ್ಕರೆ ಅವರು ಅದನ್ನು ಸರಿಮಾಡಿ ಸುಮ್ಮನಾಗುತ್ತಿರಲಿಲ್ಲ. ಇದು ಯಾವ ಹಂತದಲ್ಲಿ ನುಸುಳಿತು, ಯಾವ ರಿವ್ಯೂನ ಕಣ್ಣು ತಪ್ಪಿಸಿತು, ಇಂಥದೇ ಬೇರೆ ಕಡೆ ಅಡಗಿದೆಯಾ ಎಂದು ಹುಡುಕುತ್ತಿದ್ದರು. ಇದಕ್ಕೆ ಆಯಾ ದಿನದ ನಿಜವಾದ ದಾಖಲೆ ಬೇಕು. ಕೂತು ಕಟ್ಟಿದ ದಾಖಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಎಲ್ಲಿಂದ ಸಿಗಬೇಕು?

ನಮ್ಮೂರಿನ ಪಾಲೂ ಇದರಲ್ಲಿ ದೊಡ್ಡದು. 1990ರ ದಶಕದ ಮೊದಲರ್ಧದಲ್ಲೇ ಬೆಂಗಳೂರಿನ ಮೊಟೊರೊಲಾ ಘಟಕ ಸಿಎಂಎಂನ ಕೊನೆಯ ಮೆಟ್ಟಿಲಾದ ಲೆವೆಲ್ 5 ಮುಟ್ಟಿತು. ಆಗ ಜಗತ್ತಿನಲ್ಲಿ ಆ ಮೆಟ್ಟಿಲಲ್ಲಿ ಇದ್ದವರು ಬೆರಳೆಣಿಕೆಯಷ್ಟು. ಇನ್ಫೋಸಿಸ್ 1993ರಲ್ಲಿ ಗುಣಮಟ್ಟದ ಐಎಸ್‌ಒ 9001 ಪ್ರಮಾಣಪತ್ರ ಪಡೆಯಿತು, 1999ರಲ್ಲಿ ಲೆವೆಲ್ 5ಕ್ಕೆ ಬಂತು. ಬೆಂಗಳೂರಿಗೆ ಕೆಲಸ ಕೊಟ್ಟರೆ ಹೇಗೋ ಏನೋ ಎಂದು ಅನುಮಾನಪಡುತ್ತಿದ್ದ ಹೊರದೇಶದ ಗಿರಾಕಿಗಳಿಗೆ ಈ ಲೆವೆಲ್ಲೇ ಉತ್ತರವಾಯಿತು. ಆ ನಂಬಿಕೆಯ ಮೇಲೆ ನಮ್ಮಂಥ ಎಷ್ಟೋ ಮನೆಗಳ ಒಲೆ ಉರಿದಿದೆ. ಹಾಗಾಗಿ ಇದನ್ನು ಸುಮ್ನೆ ಕಾಗದದ ಕೆಲಸ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಉಪಯೋಗದ ಬಗ್ಗೆ ಒಂದೇ ಘಟನೆ ಹೇಳುತ್ತೇನೆ. ಒಂದು ಶುಕ್ರವಾರ ರಾತ್ರಿ ನಮ್ಮ ರಿಲೀಸ್ ಹೋಯಿತು. ಸೋಮವಾರ ಗಿರಾಕಿಯ ಇನ್‌ವಾಯ್ಸ್‌ಗಳಲ್ಲಿ ತೆರಿಗೆ ಲೆಕ್ಕ ತಪ್ಪಿತ್ತು. ಕೋಡ್ ಸರಿಯಾಗಿಯೇ ಇತ್ತು, ಟೆಸ್ಟಿಂಗ್ ಕೂಡ ಪಾಸ್ ಆಗಿತ್ತು. ಹೋದದ್ದು ಮಾತ್ರ ಹಿಂದಿನ ವಾರದ ಕಾನ್ಫಿಗರೇಶನ್ ಫೈಲ್, ಅಂದರೆ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳಿರುವ ಫೈಲ್. ಅದು ಒಬ್ಬರ ಲ್ಯಾಪ್‌ಟಾಪ್‌ನಲ್ಲಿತ್ತು, ಅವರು ರಜೆಯಲ್ಲಿದ್ದರು. ಅದನ್ನು ಕಂಡುಹಿಡಿಯುವಷ್ಟರಲ್ಲಿ ಎರಡು ದಿನ ಹೋಯಿತು. ಆಮೇಲೆ ನಾವು ಮಾಡಿದ್ದು ಇಷ್ಟೇ: ಆ ಫೈಲ್‌ಗಳನ್ನೂ ಕೋಡ್ ಜೊತೆಗೇ ರೆಪಾಸಿಟರಿಗೆ (ಎಲ್ಲ ವರ್ಷನ್‌ಗಳನ್ನು ಕಾಪಾಡುವ ಉಗ್ರಾಣಕ್ಕೆ) ಹಾಕಿದೆವು. ರಿಲೀಸ್‌ಗೆ ಮುಂಚೆ ಯಾವ ವರ್ಷನ್ ಹೋಗುತ್ತಿದೆ ಎಂದು ಬೇರೆ ಒಬ್ಬರು ನೋಡಿ ಟಿಕ್ ಹಾಕಬೇಕು ಎಂದು ನಿಯಮ ಮಾಡಿದೆವು. ಅಲ್ಲಿಂದಾಚೆಗೆ ಅದೇ ತಪ್ಪು ನಮ್ಮ ಟೀಮ್‌ನಲ್ಲಿ ಮತ್ತೆ ಆಗಲಿಲ್ಲ. ಸಿಎಂಎಂಐನಲ್ಲಿ ಇದು ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್, ಲೆವೆಲ್ 2ರ ಪಾಠ. ಹೆಸರು ಭಾರವಾಗಿದೆ, ಕೆಲಸ ಹಗುರ.

ಲೆವೆಲ್ 2 ಎಂದರೆ ಒಂದು ಪ್ರಾಜೆಕ್ಟ್ ತನ್ನ ಮಟ್ಟಿಗೆ ಅಚ್ಚುಕಟ್ಟು. ಲೆವೆಲ್ 3 ಎಂದರೆ ಒಂದು ಟೀಮ್ ಪೆಟ್ಟು ತಿಂದು ಕಲಿತದ್ದು ಪಕ್ಕದ ಟೀಮ್‌ಗೂ ತಲುಪುವ ಹಾಗೆ ಕಂಪನಿಗೆಲ್ಲ ಒಂದು ಪದ್ಧತಿ ಇರುವುದು, ಪ್ರಾಜೆಕ್ಟಿಗೆ ತಕ್ಕ ಹಾಗೆ ಅದನ್ನು ಕತ್ತರಿಸಿ ಹೊಲಿದುಕೊಳ್ಳುವ ಅವಕಾಶವೂ ಇರುವುದು. ಈ ಎರಡನೆಯ ಮಾತನ್ನು ಜನ ಮರೆತುಬಿಡುತ್ತಾರೆ. ಮೂರು ಜನರ ಟೀಮ್‌ಗೆ ನಲವತ್ತು ಟೆಂಪ್ಲೇಟ್ ಬೇಡ. ಬೇಡ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಇನ್ನೊಂದು ತಿಳಿದಿರಲಿ. ಸಿಎಂಎಂಐಯಲ್ಲಿ ಕೊಡುವುದು ಸರ್ಟಿಫಿಕೇಟ್ ಎಂದು ಎಲ್ಲರೂ ಹೇಳಿದರೂ ಅದು ಅಪ್ರೈಸಲ್‌ನ ಫಲಿತಾಂಶ. ಮೂರು ವರ್ಷ ನಡೆಯುತ್ತದೆ. ಅದೂ ಇಡೀ ಕಂಪನಿಗೆ ಅಂತಲ್ಲ, ಪರೀಕ್ಷೆಗೆ ಒಳಪಟ್ಟ ಘಟಕಕ್ಕೆ. ಕೆಲಸ ಬದಲಾಯಿಸುವಾಗ "ನಮ್ಮದು ಲೆವೆಲ್ 5" ಎಂದರೆ ಯಾವ ಘಟಕಕ್ಕೆ, ಯಾವ ವರ್ಷ ಎಂದು ಕೇಳಿ. 2018ರಲ್ಲಿ ಬಂದ 2.0 ಆವೃತ್ತಿಯಿಂದ ಯಾವ ಪ್ರಾಜೆಕ್ಟ್ ನೋಡಬೇಕು ಎಂಬುದನ್ನೂ ಯಾದೃಚ್ಛಿಕವಾಗಿ ಆರಿಸುತ್ತಾರೆ. ಚೆಂದದ ಪ್ರಾಜೆಕ್ಟ್ ಒಂದನ್ನೇ ಸಿಂಗರಿಸಿ ತೋರಿಸುವುದು ಈಗ ಅಷ್ಟು ಸುಲಭವಿಲ್ಲ.

ಮ್ಯಾನೇಜರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಅವರ ಮೇಲೂ ಒತ್ತಡ ಇರುತ್ತದೆ. ನೀವು ಕೋಡ್ ಇಡುವ ಗಿಟ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೇಲೆ ಬರೆದ ಕಾಮೆಂಟ್‌ಗಳು ಇದ್ದೇ ಇರುತ್ತವೆ ಅಲ್ವಾ? ತಾರೀಖು, ಹೆಸರು ಸಮೇತ ಅವೇ ರಿವ್ಯೂನ ಸಾಕ್ಷಿ. ಕೆಲಸ, ಬಗ್‌ಗಳನ್ನು ದಾಖಲಿಸುವ ಜಿರಾದ ಟಿಕೆಟ್‌ಗಳೂ ಹಾಗೆಯೇ. ಬೇರೆ ಶೀಟ್ ಬೇಕೇ ಬೇಕು ಎನ್ನುವ ಕಾಲ ಹೋಯಿತು. "ಹಳೆಯದಕ್ಕೆ ಇವನ್ನು ಜೋಡಿಸಿಕೊಡುತ್ತೇನೆ, ಏನೂ ಇಲ್ಲದ ಕಡೆ ಇಲ್ಲ ಎಂದೇ ಬಿಡೋಣ, ಈ ವಾರದಿಂದ ಸರಿಯಾಗಿ ಮಾಡೋಣ" ಎಂದು ಹೇಳಿ. ಅಗತ್ಯ ಬಿದ್ದರೆ ಅಪ್ರೈಸಲ್ ಒಂದೆರಡು ತಿಂಗಳು ಮುಂದಕ್ಕೆ ಹೋಗಲಿ.

ಇಂಟರ್‌ವ್ಯೂಗೆ ನಿಮ್ಮನ್ನು ಕರೆದರೆ ಹೆದರಬೇಡಿ. ಅಲ್ಲಿ ಯಾರು ಏನು ಹೇಳಿದರು ಎಂದು ಹೆಸರು ಹಿಡಿದು ವರದಿ ಮಾಡುವಂತಿಲ್ಲ, ಅದು ಅವರ ನಿಯಮ. ರಿವ್ಯೂ ಬಗ್ಗೆ ಕೇಳಿದರೆ, "ಮುಂಚೆ ಬರೆದಿಡುತ್ತಿರಲಿಲ್ಲ, ಈ ತಿಂಗಳಿಂದ ಬರೆಯುತ್ತಿದ್ದೇವೆ" ಎನ್ನಿ. ಹೀಗೆ ಹೇಳಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಪ್ರೈಸರ್ ಅದನ್ನು ಕೊರತೆ ಎಂದು ಬರೆದುಕೊಳ್ಳುತ್ತಾರೆ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ.