ಗ್ರಾಫ್ ಅರ್ಥ ಆಗುತ್ತೆ, ಇಂಗ್ಲಿಷಲ್ಲಿ ಬರೆಯೋಕೆ ಆಗಲ್ಲ

ಪ್ರಶ್ನೆ: ಮೇಡಂ, ನಾನು ನರ್ಸ್, ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದ್ತಿದ್ದೀನಿ. ಗ್ರಾಫ್ ನೋಡಿ 150 ಪದ ಬರೀಬೇಕಲ್ಲ, ಅಲ್ಲಿ ಬೈ, ಟು, ದ್ಯಾನ್ ಎಲ್ಲಾ ಕಲಸುಮೇಲೋಗರ ಆಗ್ತಿದೆ. ಏನು ಮಾಡ್ಲಿ?
- ಓದುಗರು, ದಾವಣಗೆರೆ

ಉತ್ತರ: ನಿಮಗೆ ಗೊತ್ತಿರೋ ಲೆಕ್ಕಾನೇ ತಗೊಳ್ಳೋಣ. ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಹೆಂಗಸರ ಸಾಕ್ಷರತೆ 2001ರಲ್ಲಿ ಸುಮಾರು ಶೇ 57 ಇತ್ತು, 2011ರಲ್ಲಿ 68 ಆಯ್ತು, ಗಂಡಸರದ್ದು 76 ಇದ್ದಿದ್ದು 82 ಆಯ್ತು. ಇದನ್ನ ಮೊದಲು ಕನ್ನಡದಲ್ಲೇ ಬಾಯಿಬಿಟ್ಟು ಹೇಳಿ. '68ಕ್ಕೆ ಏರಿತು' ಅಂತೀರಿ, ಆ 'ಕ್ಕೆ' ಬಂದ ಕಡೆ ಇಂಗ್ಲಿಷಲ್ಲಿ ಟು, 'ಇಷ್ಟು ಏರಿತು' ಅಂದ ಕಡೆ ಬೈ, 'ರಿಂದ' ಅಂದ ಕಡೆ ಫ್ರಮ್, ಹಾಗಾಗಿ 'ರೋಸ್ ಫ್ರಮ್ 57 ಪರ್ಸೆಂಟ್ ಟು 68 ಪರ್ಸೆಂಟ್'. ಏರಿಕೆ ಎಷ್ಟು ಅಂತ ಹೇಳೋವಾಗ 'ಬೈ 11 ಪರ್ಸೆಂಟ್' ಅಂತ ಮಾತ್ರ ಬರೀಬೇಡಿ, 57ಕ್ಕೆ 11 ಸೇರಿದ್ರೆ ಅದು ಹತ್ತಿರ ಹತ್ತಿರ ಶೇ 20ರ ಹೆಚ್ಚಳ, ಅದಕ್ಕೇ 'ಬೈ 11 ಪರ್ಸೆಂಟೇಜ್ ಪಾಯಿಂಟ್ಸ್' ಅನ್ನಬೇಕು. ಇದನ್ನ ನ್ಯೂಸ್‌ಪೇಪರಲ್ಲಿ ಬರೆಯೋರೂ ತಪ್ಪು ಮಾಡ್ತಾರೆ, ನನಗೆ ಪ್ರತಿ ಸಲ ಬೇಜಾರಾಗುತ್ತೆ.

ಹೋಲಿಕೆ ಬಂದಾಗ ನಮ್ಮೋರು ಎಡವೋದು ಯಾಕಂದ್ರೆ ಕನ್ನಡದಲ್ಲಿ 'ಗಿಂತ' ಒಂದೇ ಸಾಕು, 'ಅವನಿಗಿಂತ ಎತ್ತರ' ಅಂದ್ರೆ ಮುಗೀತು, ಎತ್ತರ ಅನ್ನೋ ಪದ ಬದಲಾಗಲ್ಲ. ಇಂಗ್ಲಿಷಲ್ಲಿ ದ್ಯಾನ್ ಜೊತೆಗೆ ಆ ಪದಾನೂ ಬದಲಾಗಬೇಕು, 'ಹೈ ದ್ಯಾನ್' ತಪ್ಪು, 'ಮೋರ್ ಹೈಯರ್' ಇನ್ನೂ ತಪ್ಪು, 'ಹೈಯರ್ ದ್ಯಾನ್' ಸರಿ. ಇನ್ನೊಂದು, 'ಹೆಂಗಸರ ಸಾಕ್ಷರತೆ ಗಂಡಸರದ್ದಕ್ಕಿಂತ ಕಡಿಮೆ' ಅಂತೀವಲ್ಲ, ಆ 'ದ್ದು' ಇದೆಯಲ್ಲ ಅದೇ ಇಂಗ್ಲಿಷಿನ 'ದಟ್ ಆಫ್', ಅದನ್ನ ಬಿಟ್ಟು 'ಲೋಯರ್ ದ್ಯಾನ್ ಮೆನ್' ಅಂತ ಬರೆದ್ರೆ ಸಾಕ್ಷರತೆನ ಗಂಡಸರ ಜೊತೆ ಹೋಲಿಸಿದ ಹಾಗಾಗುತ್ತೆ. 'ಲೋಯರ್ ದ್ಯಾನ್ ದಟ್ ಆಫ್ ಮೆನ್' ಅಂತ ಬರೀರಿ.

ಎಲ್ಲಾ ಅಂಕಿನೂ ತುರುಕಬೇಡಿ. ಇಬ್ಬರದ್ದೂ ಏರಿದೆ, ಆದ್ರೆ ನಡುವಿನ ಅಂತರ 19ರಿಂದ 14ಕ್ಕೆ ಇಳಿದಿದೆ, ಈ ಗ್ರಾಫಲ್ಲಿ ಮುಖ್ಯ ಇದೇ, ಇದು ಓವರ್‌ವ್ಯೂನಲ್ಲಿ, ಅಂದ್ರೆ ಒಟ್ಟಾರೆ ಚಿತ್ರ ಹೇಳೋ ಸಾಲುಗಳಲ್ಲಿ, ಬರಲೇಬೇಕು. ಯಾಕೆ ಏರಿತು ಅಂತ ಕಾರಣ ಹುಡುಕೋಕೆ ಹೋಗಬೇಡಿ, ಅದನ್ನ ಅಲ್ಲಿ ಕೇಳಿರಲ್ಲ. ಇಪ್ಪತ್ತು ನಿಮಿಷದೊಳಗೆ ಮುಗಿಸಿ ಎರಡನೇ ಟಾಸ್ಕ್‌ಗೆ, ಅಂದ್ರೆ ಪ್ರಬಂಧಕ್ಕೆ ಹೋಗಿ, ಅದಕ್ಕೆ ಅಂಕ ಇದರ ಎರಡರಷ್ಟು.