ಹಳೆಯ ಅಂಬಾಸಡರ್‌ಗೆ ಇಸುಝು ಎಂಜಿನ್ ಹಾಕುವಾಗ ರೇಡಿಯೇಟರ್ ಮತ್ತು ಎಸಿಯನ್ನು ಹೇಗೆ ಕೂರಿಸಬೇಕು?

ನಿಮ್ಮ ಬಳಿ 1970ರ ದಶಕದ ಅಂಬಾಸಡರ್ ಮಾರ್ಕ್ 3 ಇದೆ, ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು 1.8 ಲೀಟರಿನ ಇಸುಝು ಪೆಟ್ರೋಲ್ ಎಂಜಿನ್ ಹಾಕಿಸುತ್ತಿದ್ದೀರಿ, ಕಾರು ಕಾರವಾರದಲ್ಲಿ ಓಡಬೇಕಾಗಿದೆ. ಮೊದಲಿನ ರೇಡಿಯೇಟರ್ ಸಾಕೇ, ಅದರ ಮುಂದೆ ಎಸಿ ಕೂರಿಸಬಹುದೇ, ಎಂಜಿನ್ ಕೂತ ಮೇಲೆ ಇವೆರಡನ್ನೂ ನಿಧಾನಕ್ಕೆ ನೋಡಿಕೊಂಡರೆ ಆಗದೇ ಎಂದು ಕೇಳಿದ್ದೀರಿ. ಮೊದಲಿನ ರೇಡಿಯೇಟರ್ ಸಾಲುವುದಿಲ್ಲ. ಎಸಿ ಖಂಡಿತ ಕೂರಿಸಬಹುದು. ಆದರೆ ಎಂಜಿನ್ ಕೂತ ಮೇಲೆ ನೋಡಿಕೊಳ್ಳುವ ಆಲೋಚನೆಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಕುಮಟಾದಲ್ಲಿ ಹಲವು ವರ್ಷಗಳಿಂದ ಕಾರಿನ ಎಸಿ ಮತ್ತು ರೇಡಿಯೇಟರ್ ಕೆಲಸ ಮಾಡಿಕೊಂಡು ಬಂದಿರುವ ನಾನು, ನಮ್ಮ ತಂದೆಯವರ ಅಂಬಾಸಡರ್‌ಗೆ ಇದೇ ಬದಲಾವಣೆಯನ್ನು ಮಾಡಿದಾಗ ಆ ತಪ್ಪನ್ನು ಮಾಡಿ, ಒಮ್ಮೆ ಕೂರಿಸಿದ ಎಂಜಿನ್ನನ್ನು ಮತ್ತೆ ಎತ್ತಿ ಹಿಂದಕ್ಕೆ ಸರಿಸಬೇಕಾಯಿತು.

ರೇಡಿಯೇಟರ್ ಬೇರೆ, ಎಸಿ ಬೇರೆ ಎಂದು ಎಣಿಸುವುದರಿಂದಲೇ ಹೆಚ್ಚಿನ ತೊಂದರೆ ಹುಟ್ಟುತ್ತದೆ. ಎಸಿಯ ಬಿಸಿಯನ್ನು ಹೊರಗೆ ಬಿಡುವ ಜಾಲರಿಯಾದ ಕಂಡೆನ್ಸರ್ ಕೂರುವುದು ರೇಡಿಯೇಟರಿನ ಎದುರಿಗೆ, ಆದ್ದರಿಂದ ಕಾರಿನ ಒಳಗಿನಿಂದ ಎಸಿ ತೆಗೆದು ಹೊರಹಾಕುವ ಬಿಸಿಯನ್ನೆಲ್ಲ ಹೊತ್ತ ಗಾಳಿಯೇ ಎಂಜಿನ್ನಿನ ನೀರನ್ನು ತಣಿಸಬೇಕು. ನಮ್ಮ ಕರಾವಳಿಯಲ್ಲಿ ಈ ಹೊರೆ ಒಳನಾಡಿಗಿಂತ ಹೆಚ್ಚು. ಮೇ ತಿಂಗಳಲ್ಲಿ ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ಹನಿಹನಿಯಾಗಿ ನೀರು ಬೀಳುವುದನ್ನು ನೀವು ಕಂಡಿರುತ್ತೀರಿ. ಅದು ಗಾಳಿಯಲ್ಲಿದ್ದ ತೇವ. ಒಂದು ಲೀಟರ್ ತೇವ ಹೀಗೆ ನೀರಾಗಿ ಇಳಿಯಬೇಕಾದರೆ ಕಾರಿನ ಒಳಗಿನ ಗಾಳಿಯನ್ನು ತಣಿಸುವ ಕೂಲಿಂಗ್ ಕಾಯಿಲ್ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳಬೇಕು, ಹೀರಿಕೊಂಡ ಶಾಖವೆಲ್ಲ ಪೈಪಿನಲ್ಲಿ ಹರಿದು ಕಂಡೆನ್ಸರಿಗೆ, ಅಲ್ಲಿಂದ ಗಾಳಿಯ ಮೂಲಕ ನಿಮ್ಮ ರೇಡಿಯೇಟರಿಗೆ ಬಂದು ತಲುಪುತ್ತದೆ. ಅಂದರೆ ಕಾರವಾರದ ಸೆಕೆ ಕಾರಿನ ಒಳಗೆ ಕಡಿಮೆಯಾದಷ್ಟೂ ರೇಡಿಯೇಟರಿನ ಮೈಮೇಲೆ ಬೀಳುತ್ತದೆ.

ಲೆಕ್ಕ ಕಷ್ಟದ್ದಲ್ಲ. ಇಂಥ ಕಾರಿನ ಕಂಡೆನ್ಸರ್ ಸುಮಾರು ಆರು ಕಿಲೋವ್ಯಾಟ್ ಶಾಖ ಹೊರಹಾಕುತ್ತದೆ ಎಂದುಕೊಳ್ಳಿ. ನಿಧಾನದ ಏರಿನಲ್ಲಿ ಗ್ರಿಲ್ಲಿನ ಮೂಲಕ ಸೆಕೆಂಡಿಗೆ ಅರ್ಧ ಘನಮೀಟರಿನಷ್ಟು ಗಾಳಿ ಹಾದರೆ, ಆ ಗಾಳಿ ರೇಡಿಯೇಟರನ್ನು ಮುಟ್ಟುವ ಮೊದಲೇ ಹತ್ತು ಡಿಗ್ರಿ ಬಿಸಿಯಾಗಿರುತ್ತದೆ. ಹೊರಗೆ 34 ಡಿಗ್ರಿ, ನೀರು 90 ಡಿಗ್ರಿ ಇದ್ದಾಗ ನಡುವಿನ ಅಂತರ 56. ಕಂಡೆನ್ಸರ್ ಎದುರಿಗೆ ಬಂದೊಡನೆ ಅದು 46ಕ್ಕೆ ಇಳಿಯುತ್ತದೆ. ರೇಡಿಯೇಟರಿನ ಶಕ್ತಿಯಲ್ಲಿ ಐದನೆಯ ಒಂದು ಪಾಲಿಗೆ ಹತ್ತಿರ ಅಲ್ಲಿಯೇ ಹೋಯಿತು. ಜೊತೆಗೆ ಹಳೆಯ ಎಂಜಿನ್ ಕೊಡುತ್ತಿದ್ದುದು ಸುಮಾರು 50 ಅಶ್ವಶಕ್ತಿ, ಹೊಸದು ಕೊಡುವುದು ಸುಮಾರು 75. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಿನ ಮೂಲಕವೇ ಹೊರಗೆ ಹೋಗಬೇಕಾಗಿರುವುದರಿಂದ ಆ ಹೊರೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಇಸುಝು ಎಂಜಿನ್ನಿನ ಹೆಡ್ ಅಲ್ಯೂಮಿನಿಯಮಿನದು ಎಂಬುದನ್ನೂ ಮನಸ್ಸಿನಲ್ಲಿಡಿ. ಹಳೆಯ ಎಂಜಿನ್ನಿನ ಬೀಡುಕಬ್ಬಿಣದ ಹೆಡ್ ಒಂದೆರಡು ಬಾರಿ ಕುದಿದರೂ ತಾಳಿಕೊಳ್ಳುತ್ತಿತ್ತು, ಇದು ಒಂದೇ ಬಾರಿಗೆ ಸೊಟ್ಟಗಾಗಬಹುದು.

ಆದ್ದರಿಂದ ಎಂಜಿನ್ನಿನ ಮೌಂಟಿಂಗ್ ಬೆಸುಗೆ ಹಾಕಿಸುವ ಮೊದಲು ಗ್ರಿಲ್ಲಿನಿಂದ ಎಂಜಿನ್ನಿನ ಮುಖದವರೆಗೆ ಟೇಪು ಹಿಡಿದು ಅಳೆಯಿರಿ. ಕಂಡೆನ್ಸರ್ 20 ಮಿಲಿಮೀಟರ್, ಅದಕ್ಕೂ ರೇಡಿಯೇಟರಿಗೂ ನಡುವೆ 15, ರೇಡಿಯೇಟರಿನ ಜಾಲರಿ 45ರಿಂದ 50, ಎಲೆಕ್ಟ್ರಿಕ್ ಫ್ಯಾನ್ ಮತ್ತು ಅದರ ಕವಚ ಸೇರಿ 75, ಅದರ ಹಿಂದೆ ಎಂಜಿನ್ನಿನ ಪುಲ್ಲಿಗೆ ತಾಗದಂತೆ ಕನಿಷ್ಠ 20 ಮಿಲಿಮೀಟರ್ ಬೇಕು. ಒಟ್ಟು 175ರಿಂದ 180. ಎಂಜಿನ್ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ತೂಗಾಡುತ್ತದೆ, ರೇಡಿಯೇಟರ್ ತೂಗಾಡುವುದಿಲ್ಲ, ಹಾಗಾಗಿ ಕೊನೆಯ ಆ 20 ಮಿಲಿಮೀಟರಿನಲ್ಲಿ ಚೌಕಾಶಿ ಮಾಡಬೇಡಿ. ನಾನು ಎಂಜಿನ್ನನ್ನು ಮೊದಲು ಕೂರಿಸಿದ್ದರಿಂದ ನನಗೆ ಉಳಿದದ್ದು ತೀರಾ ಕಡಿಮೆ ಜಾಗ. ಆ ಜಾಗದಲ್ಲಿ ಹಿಡಿಸಲೆಂದು ಫ್ಯಾನಿನ ಕವಚವನ್ನು ಬಿಟ್ಟು ಬರಿಯ ಫ್ಯಾನನ್ನು ರೇಡಿಯೇಟರಿಗೆ ಅಂಟಿಸಿದಂತೆ ಕಟ್ಟಿದೆ.

ಕುಮಟಾ ಪೇಟೆಯಲ್ಲಿ, ಹೆದ್ದಾರಿಯಲ್ಲಿ ಅಂಕೋಲೆಯವರೆಗೆ ಯಾವ ತೊಂದರೆಯೂ ಕಾಣಲಿಲ್ಲ. ಶಿರಸಿಗೆಂದು ಹೊರಟು ಕತಗಾಲ ದಾಟಿ ದೇವಿಮನೆ ಘಟ್ಟ ಹಿಡಿದ ಮೇಲೆ, ಎರಡನೆಯ ಗೇರಿನಲ್ಲಿ ಲಾರಿಯ ಹಿಂದೆ ಏರುತ್ತಿರುವಾಗ, ಗೇಜಿನ ಮುಳ್ಳು ಏರತೊಡಗಿ 104 ಡಿಗ್ರಿಗೆ ಬಂತು. ಎಸಿ ಆರಿಸಿ, ದೇವಿಮನೆ ದೇವಸ್ಥಾನದ ಬಳಿ ನಿಲ್ಲಿಸಿ, ತಣಿಯುವವರೆಗೆ ಕಾದೆ. ರೇಡಿಯೇಟರ್ ಚಿಕ್ಕದಾಯಿತು ಎಂದೇ ನನಗೂ ಅನಿಸಿತ್ತು. ಮರುದಿನ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಿ, ಫ್ಯಾನ್ ತಿರುಗುತ್ತಿರುವಾಗ, ಹೊತ್ತಿಸಿದ ಊದುಬತ್ತಿಯನ್ನು ರೇಡಿಯೇಟರಿನ ಅಂಚಿನ ಸುತ್ತ ನಿಧಾನವಾಗಿ ಸರಿಸುತ್ತ ಹೋದೆ. ಜಾಲರಿಯ ಎದುರಿಗೆ ಹಿಡಿದಾಗ ಹೊಗೆ ನೆಟ್ಟಗೆ ಒಳಗೆ ಹೋಗುತ್ತಿತ್ತು. ಎಡಗಡೆಯ ಕಂಬದ ಪಕ್ಕದಲ್ಲಿದ್ದ ಎರಡು ಬೆರಳು ಅಗಲದ ಸಂದಿಗೆ ತಂದೊಡನೆ ಹೊಗೆಯ ಎಳೆ ತಿರುಗಿ ನನ್ನ ಮುಖಕ್ಕೆ ಬಂತು. ಎಂಜಿನ್ನಿನ ಬಿಸಿಗಾಳಿ ಆ ಸಂದಿಯಿಂದ ಮುಂದಕ್ಕೆ ಬಂದು ಮತ್ತೆ ಅದೇ ರೇಡಿಯೇಟರಿನ ಮೂಲಕ ಸುತ್ತುತ್ತಿತ್ತು. ಫ್ಯಾನಿನ ವರ್ತುಲದ ಹೊರಗೆ, ಜಾಲರಿಯ ನಾಲ್ಕು ಮೂಲೆಗಳಲ್ಲಿ, ಹೊಗೆ ಅಲ್ಲಾಡದೆ ನಿಂತಲ್ಲೇ ನಿಂತಿತ್ತು. ಅಷ್ಟು ಭಾಗ ಕೆಲಸವನ್ನೇ ಮಾಡುತ್ತಿರಲಿಲ್ಲ.

ಅದಾದ ಮೇಲೆ ಎಂಜಿನ್ನನ್ನು ಎತ್ತಿ ಜಾಗ ಮಾಡಿಕೊಂಡೆ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ನೋಡಿ, ಆಮೇಲೆ ಅಲ್ಯೂಮಿನಿಯಂ ತಗಡಿನಲ್ಲಿ ಇಡೀ ಜಾಲರಿಯನ್ನು ಮುಚ್ಚುವ ಕವಚ ಮಾಡಿಸಿದೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗಳಿಗೆ ನಾಲ್ಕೂ ಕಡೆ ರಬ್ಬರ್ ಸ್ಪಂಜಿನ ಪಟ್ಟಿ, ಎರಡೂ ಪಕ್ಕದ ಕಂಬಗಳವರೆಗೆ ತಗಡು ಹಾಕಿದೆ. ರೇಡಿಯೇಟರ್ ಅದೇ, ಫ್ಯಾನ್ ಅದೇ. ಅದೇ ಘಟ್ಟದಲ್ಲಿ ಎಸಿ ಹಾಕಿಕೊಂಡು ಏರಿದಾಗ ಮುಳ್ಳು 94 ದಾಟಲಿಲ್ಲ. ಇನ್ನೂ ದೊಡ್ಡ ರೇಡಿಯೇಟರ್ ಹುಡುಕುವ ಮೊದಲು ಗಾಳಿಯ ದಾರಿಯನ್ನು ಸರಿಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ರೇಡಿಯೇಟರಿನ ಬಗ್ಗೆ ಹೇಳುವುದಾದರೆ, ಕಾರ್ಖಾನೆಯಿಂದಲೇ ಈ ಎಂಜಿನ್ ಹೊತ್ತು ಬಂದ 1800 ಅಂಬಾಸಡರಿನದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ಮೂರು ಸಾಲಿನ ತಾಮ್ರ-ಹಿತ್ತಾಳೆಯದನ್ನು ಕಟ್ಟಿಸಿ. ಅಲ್ಯೂಮಿನಿಯಮಿನದು ಹಗುರ ಎಂಬುದು ನಿಜ, ಆದರೆ ಉಪ್ಪುಗಾಳಿಯಲ್ಲಿ ತೂತಾದಾಗ ನಮ್ಮ ಊರುಗಳಲ್ಲಿ ಬೆಸುಗೆ ಹಾಕಿಕೊಡುವವರು ಸಿಗುವುದು ತಾಮ್ರಕ್ಕೇ. ಮುಚ್ಚಳದ ಒತ್ತಡ ಒಂದು ಬಾರ್ ಇದ್ದರೆ ನೀರು ಕುದಿಯುವ ಮಟ್ಟ 100ರಿಂದ ಸುಮಾರು 120 ಡಿಗ್ರಿಗೆ ಏರುತ್ತದೆ. ಹಾಗೆಂದು ಕಡಿಮೆ ಒತ್ತಡಕ್ಕೆ ಮಾಡಿದ ಹಳೆಯ ರೇಡಿಯೇಟರಿಗೆ ಆ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ರೇಡಿಯೇಟರಿನ ಮೇಲಿನ ತೊಟ್ಟಿ ಎಂಜಿನ್ನಿನ ಥರ್ಮೋಸ್ಟಾಟಿಗಿಂತ (ನೀರು ಬಿಸಿಯಾದ ಮೇಲೆ ತೆರೆದುಕೊಳ್ಳುವ ಕವಾಟ) ತಗ್ಗಿನಲ್ಲಿ ಕೂತರೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆಗ ಎಲ್ಲಕ್ಕಿಂತ ಎತ್ತರದಲ್ಲಿ ಪ್ರತ್ಯೇಕ ತೊಟ್ಟಿಯೊಂದನ್ನು ಇಟ್ಟು ಅದರಿಂದಲೇ ನೀರು ತುಂಬಿಸಬೇಕು. ಕೆಳಗಿನ ಹೋಸ್ ಪೈಪಿನ ಒಳಗೆ ತಂತಿಯ ಸುರುಳಿ ಇರಲಿ, ಇಲ್ಲದಿದ್ದರೆ ಪಂಪಿನ ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ. ಬಾವಿಯ ನೀರು ಬೇಡ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ ಸಾಕು. ಘಟ್ಟದಲ್ಲಿ ಕುದಿಯುತ್ತದೆಂದು ಥರ್ಮೋಸ್ಟಾಟನ್ನೇ ತೆಗೆದುಹಾಕುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ದಯವಿಟ್ಟು ಹಾಗೆ ಮಾಡಬೇಡಿ, 82 ಡಿಗ್ರಿಯದನ್ನು ಹಾಕಿ.

ಎಸಿಯಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ಗ್ಯಾಸನ್ನು ಒತ್ತುವ ಕಂಪ್ರೆಸರಿನ ಜಾಗ. ಅದರ ಬ್ರಾಕೆಟ್ ಎಂಜಿನ್ ಬ್ಲಾಕಿಗೇ ಬೋಲ್ಟ್ ಆಗಬೇಕು. ಜಾಗ ಸಾಲದೆ ಅದನ್ನು ಬಾಡಿಗೆ ಬೆಸುಗೆ ಹಾಕಿದ ಕಾರೊಂದು ನನ್ನ ಬಳಿ ಬಂದಿತ್ತು. ಎಂಜಿನ್ ತೂಗಿದಾಗಲೆಲ್ಲ ಬೆಲ್ಟ್ ಸಡಿಲವಾಗಿ, ಬಿಗಿಯಾಗಿ, ತಿಂಗಳಿಗೊಂದು ಬೆಲ್ಟ್ ಹರಿಯುತ್ತಿತ್ತು. ಬೆಲ್ಟ್ ಹಾಯುವ ಮೂರು ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿಯೊಂದನ್ನು ಇಟ್ಟು ನೋಡಿ, ಬೆಳಕು ನುಸುಳಬಾರದು. ಐದು ಪಿಸ್ಟನ್ನಿನ ಸ್ಯಾಂಡೆನ್ ಮಾದರಿಯ ಕಂಪ್ರೆಸರ್ ಈ ಗಾತ್ರದ ಕಾರಿಗೆ ತಕ್ಕದ್ದು. ಕಂಡೆನ್ಸರ್ ಮಾತ್ರ ಹಳೆಯ ಸುರುಳಿ ಪೈಪಿನದು ಬೇಡ, ಚಪ್ಪಟೆ ನಳಿಕೆಗಳ ಪ್ಯಾರಲಲ್ ಫ್ಲೋ ಮಾದರಿಯನ್ನೇ ತೆಗೆದುಕೊಳ್ಳಿ. ಹಳೆಯ ಆರ್-12ರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಅದು ಒಗ್ಗುತ್ತದೆ, ತೆಳುವಾಗಿರುವುದರಿಂದ ಜಾಗವೂ ಉಳಿಯುತ್ತದೆ. ಗುಜರಿಯಲ್ಲಿ ಸಿಗುವ 1980ರ ದಶಕದ ಎಸಿ ಕಿಟ್ಟುಗಳು ಆರ್-12 ಗ್ಯಾಸಿನವು, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆ ಗ್ಯಾಸು 2010ರ ವೇಳೆಗೆ ನಿಂತುಹೋಯಿತು. ಅವುಗಳ ಖನಿಜ ಎಣ್ಣೆಯೂ ಹೊಸ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ, ಕಂಪ್ರೆಸರಿಗೆ ಎಣ್ಣೆ ತಲುಪದೆ ಅದು ಹಿಡಿದುಕೊಳ್ಳುತ್ತದೆ.

ಡ್ರೈಯರ್ ಬಾಟಲಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ. ಅದರ ಒಳಗಿರುವುದು ತೇವ ಹೀರುವ ಕಾಳುಗಳು, ಜುಲೈ ತಿಂಗಳ ಕಾರವಾರದಲ್ಲಿ ಮುಚ್ಚಳ ತೆಗೆದು ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಅದು ನಿರುಪಯೋಗಿ. ಜೋಡಣೆ ಮುಗಿದ ಮೇಲೆ ಪಂಪಿನಿಂದ ಕನಿಷ್ಠ 45 ನಿಮಿಷ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ ಅರ್ಧ ಗಂಟೆ ಗೇಜನ್ನು ನೋಡುತ್ತ ಕೂರಿ. ಮುಳ್ಳು ಅಲ್ಲಾಡಿದರೆ ಸೋರಿಕೆ ಇದೆ, ಅದನ್ನು ಹುಡುಕದೆ ಗ್ಯಾಸ್ ತುಂಬಿಸಲು ಬಿಡಬೇಡಿ. ಒಂದೇ ಕೂಲಿಂಗ್ ಕಾಯಿಲ್ ಇರುವ ವ್ಯವಸ್ಥೆಗೆ ಆರೇಳು ನೂರು ಗ್ರಾಂ ಸಾಕಾಗುತ್ತದೆ, ತಕ್ಕಡಿಯಲ್ಲಿ ತೂಗಿಯೇ ತುಂಬಿಸಬೇಕು. ಹೊರಗೆ 33 ಡಿಗ್ರಿ ಇರುವಾಗ ಹೈ ಸೈಡ್ (ಕಂಪ್ರೆಸರಿನಿಂದ ಗ್ಯಾಸ್ ಹೊರಬರುವ ಕಡೆ) ಸುಮಾರು 200ರಿಂದ 230 ಪಿಎಸ್‌ಐ, ಲೋ ಸೈಡ್ (ಒಳಹೋಗುವ ಕಡೆ) 30ರಿಂದ 40 ತೋರಿಸಿದರೆ ಸರಿ. ಹೈ ಸೈಡ್ 300 ದಾಟುತ್ತಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ನಾನು ಮೇಲೆ ಹೇಳಿದ ಗಾಳಿಯ ದಾರಿ ಎಲ್ಲೋ ಕಟ್ಟಿದೆ.

ವಿದ್ಯುತ್ತಿನ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ರೇಡಿಯೇಟರ್ ಫ್ಯಾನಿಗೆ 15 ಆಂಪಿಯರ್, ಬ್ಲೋವರಿಗೆ 10, ಹೆಡ್‌ಲೈಟಿಗೆ 10, ಕಂಪ್ರೆಸರಿನ ಕ್ಲಚ್ಚಿಗೆ 4, ಮಳೆಯಲ್ಲಿ ವೈಪರಿಗೆ ಇನ್ನಷ್ಟು. ಹಳೆಯ ಡೈನಮೋ ಕೊಡುತ್ತಿದ್ದುದು 22 ಆಂಪಿಯರ್ ಅಷ್ಟೇ. ಕನಿಷ್ಠ 65 ಆಂಪಿಯರಿನ ಆಲ್ಟರ್ನೇಟರ್ ಇರಲಿ, ಫ್ಯಾನಿಗೂ ಬ್ಲೋವರಿಗೂ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಇರಲಿ. ಎಸಿ ಹಾಕಿದೊಡನೆ ಫ್ಯಾನ್ ತಾನಾಗಿ ತಿರುಗಬೇಕು, ಒತ್ತಡದ ಸ್ವಿಚ್ ಕಂಪ್ರೆಸರನ್ನು ಕಾಯಬೇಕು, ನೀರು 105 ಡಿಗ್ರಿ ತಲುಪಿದರೆ ಕಂಪ್ರೆಸರಿನ ಕ್ಲಚ್ ತಾನಾಗಿ ಬಿಡುವಂತೆ ಇನ್ನೊಂದು ಸ್ವಿಚ್ಚನ್ನೂ ಹಾಕಿಸಿ. ಘಟ್ಟದ ತಿರುವಿನಲ್ಲಿ ಓಡಿಸುವವರ ಕಣ್ಣು ಗೇಜಿನ ಮೇಲೆ ಇರುವುದಿಲ್ಲ.

ಎಂಜಿನ್ ಬದಲಿಸುವ ಮೊದಲು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆದು, ಕೆಲಸ ಮುಗಿದ ಮೇಲೆ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ದಾಖಲಿಸಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು. ವಿಮೆಯವರಿಗೂ ತಿಳಿಸಿ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ತಕ್ಕ ಜಾಗವೆಂದರೆ ಅಂಕೋಲೆಯ ಮೇಲಿನ ಅರಬೈಲ್ ಘಟ್ಟ. ಮಧ್ಯಾಹ್ನದ ಹೊತ್ತಿನಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿ, ಭಾರದ ಲಾರಿಯೊಂದರ ಹಿಂದೆ ನಿಧಾನವಾಗಿ ಏರಿ. ಅಲ್ಲಿ 95 ಡಿಗ್ರಿಯ ಒಳಗೆ ನಿಂತರೆ ಉಳಿದ ಕಡೆ ಚಿಂತಿಸಬೇಕಾಗಿಲ್ಲ. ಆ ಮೇಲೆ ತಿಂಗಳಿಗೊಮ್ಮೆ ಬಾನೆಟ್ ತೆರೆದು ಕಂಡೆನ್ಸರಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಹಾಯಿಸಿ, ಹೆಚ್ಚು ಒತ್ತಡದ ಪಂಪು ಬಳಸಬೇಡಿ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಡಲಿನ ಉಪ್ಪು ಮತ್ತು ನಮ್ಮ ಕೆಂಪು ಧೂಳು ಸೇರಿ ಅಲ್ಲಿ ಹೆಂಟೆಯಂತೆ ಗಟ್ಟಿಯಾಗುತ್ತದೆ. ಗ್ರಿಲ್ಲಿನಿಂದ ಎಂಜಿನ್ನಿನವರೆಗಿನ ಅಳತೆ ತೆಗೆದ ಮೇಲೆ ಇಲ್ಲಿಯೇ ಬರೆಯಿರಿ, ಯಾವ ದಪ್ಪದ ಫ್ಯಾನ್ ಹಿಡಿಸುತ್ತದೆ ಎಂದು ನೋಡಿ ಹೇಳುತ್ತೇನೆ.